ಕಬ್ಬಿಣದ ವ್ಯಾಪಾರಿಯ ಕಾರಿನ ಆಕ್ಸಲ್

“ಬುದ್ಧಿ, ಕಳೆದುಕೊಂಡದ್ದು ಇಬ್ಬರೂ ಒಂದನ್ನೇ. ಹಾಗಿದ್ದ ಮೇಲೆ ದುಃಖ ಇಬ್ಬರಿಗೂ ಒಂದೇ ಅಳತೆಯಲ್ಲಿ ಯಾಕಿಲ್ಲ?”

ಮರುಳಸಿದ್ದ ಹಿರಿಯ ಸ್ವಾಮಿಗಳನ್ನು ಹೀಗೆ ಕೇಳಿದ್ದು ಮಠದ ಪಡಸಾಲೆಯಲ್ಲಿ, ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆ. ಅವನು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಚಿಕ್ಕಂದಿನಿಂದ ಆ ಮಠದ ಶಿಷ್ಯ. ಹಿರಿಯ ಸ್ವಾಮಿಗಳಿಗೆ ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ಆಗುತ್ತಿರಲಿಲ್ಲ.

“ಒಗಟು ಬೇಡ. ಆದದ್ದು ಹೇಳು,” ಎಂದರು.

ಅವನು ಹೇಳಿದ. ಹೋದ ವರ್ಷ ಅವನ ಮೂರು ವರ್ಷದ ಮಗಳು ಜ್ವರ ಬಂದು ತೀರಿಕೊಂಡಳು. ಅವನು ಅತ್ತ. ಆಮೇಲೆ ಎದ್ದು ಅಂಗಡಿಯ ಬಾಗಿಲು ತೆಗೆದ. ಹೆಂಡತಿ ಉಮಾದೇವಿ ಏಳಲಿಲ್ಲ. ಹೀಗೇ ಬಿಟ್ಟರೆ ಮನೆ ಮುಳುಗುತ್ತದೆ ಎಂದು ಹೆದರಿ ಅವನೇ ಒಂದು ಕಟ್ಟುಪಾಡು ಮಾಡಿದ. ಮಗುವಿನ ಬಟ್ಟೆಬರೆಯನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟ. ಮನೆಯಲ್ಲಿ ಅದರ ಹೆಸರು ಎತ್ತಬಾರದು ಎಂದ. ಮದುವೆಯಾಗಲಿ, ಗೃಹಪ್ರವೇಶವಾಗಲಿ, ಇಬ್ಬರೂ ಜೊತೆಗೇ ಹೋಗಬೇಕು, ಜೊತೆಗೇ ನಗಬೇಕು ಎಂದ. ಅವಳು ಎದುರಾಡದೆ ಹಾಗೇ ನಡೆದಳು.

ನಿನ್ನೆ ಅವನ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮುತ್ತೈದೆಯರೆಲ್ಲ ಒಬ್ಬೊಬ್ಬರಾಗಿ ತೊಟ್ಟಿಲು ತೂಗುತ್ತಿದ್ದರು. ಉಮಾದೇವಿ ಬಾಗಿಲಲ್ಲೇ ನಿಂತಿದ್ದಳು. ನೋಡಿದವರು ಏನೆಂದಾರು ಎಂದು ಇವನೇ ಅವಳ ಕೈಹಿಡಿದು ಮುಂದಕ್ಕೆ ಬಿಟ್ಟ. ಅವಳು ತೂಗಿದಳು, ಜೋಗುಳವನ್ನೂ ಹಾಡಿದಳು. ಮನೆಗೆ ಬಂದವಳೇ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬಿದಳು. ನಾಳೆ ಬೆಳಿಗ್ಗೆ ಅವಳ ಅಣ್ಣ ಕರೆದುಕೊಂಡು ಹೋಗಲು ಬರುತ್ತಾನೆ. ಮತ್ತೆ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದಾಳೆ.

“ಗಂಡ ಹೆಂಡತಿ ಒಂದೇ ಬಂಡಿಯ ಎರಡು ಚಕ್ರ ಎನ್ನುತ್ತಾರೆ. ನಾನು ಕಷ್ಟಪಟ್ಟು ಇಷ್ಟು ದೂರ ಬಂದೆ, ಅವಳು ಹಿಂದೆಯೇ ಬಿದ್ದಳು. ಅವಳು ಹೋದರೆ ನನಗೆ ಇನ್ನೇನೂ ಉಳಿಯುವುದಿಲ್ಲ. ತಾವು ಕರೆಸಿ ಒಂದು ಮಾತು ಹೇಳಿದರೆ ಕೇಳುತ್ತಾಳೆ, ಬುದ್ಧಿ.”

“ಚಕ್ರದ ಮಾತು ನೀನೇ ತೆಗೆದೆ. ಹಾಗಾದರೆ ಕೇಳು,” ಎಂದು ಸ್ವಾಮಿಗಳು ಶುರುಮಾಡಿದರು.

ಒಬ್ಬ ಕಬ್ಬಿಣದ ವ್ಯಾಪಾರಿ ಇದ್ದ. ಅವನ ಬಳಿ ಅಪ್ಪನ ಕಾಲದ ಕಾರೊಂದಿತ್ತು. ಅದರ ಮೇಲೆ ಅವನಿಗೆ ಜೀವ. ಮನೆಯವರಿಗೆ ಜ್ವರ ಬಂದರೆ ಕಷಾಯ ಕುಡಿಯಿರಿ ಎನ್ನುತ್ತಿದ್ದ ಪುಣ್ಯಾತ್ಮ, ಕಾರು ಕೆಮ್ಮಿದರೆ ಊಟ ಬಿಡುತ್ತಿದ್ದ. ವರ್ಷಕ್ಕೊಮ್ಮೆ ಸುತ್ತಲ ಊರುಗಳ ಹಳೇ ಕಾರಿನವರೆಲ್ಲ ಒಂದು ಮೈದಾನದಲ್ಲಿ ಸೇರುತ್ತಿದ್ದರು. ಕಾರುಗಳನ್ನು ತೊಳೆದು ಒರೆಸಿ, ಮುಂದೆ ಹೂವಿನ ಹಾರ ಕಟ್ಟಿ, ಬೆಟ್ಟದ ಮೇಲಿನ ಬಂಗಲೆಯವರೆಗೆ ಸಾಲಾಗಿ ಓಡಿಸುವುದು ರೂಢಿ. ಅಪ್ಪ ಇರುವವರೆಗೆ ಸಾಲಿನ ಮೊದಲ ಕಾರು ಅವರದೇ. ಆ ಜಾಗ ತನ್ನ ಕಾಲದಲ್ಲಿ ತಪ್ಪಬಾರದೆಂಬುದೊಂದೇ ವ್ಯಾಪಾರಿಯ ಆಸೆ.

ಒಂದು ವರ್ಷ, ಆ ಓಟದ ಹಿಂದಿನ ದಿನ ಮಳೆ ಬಿದ್ದು ಮೈದಾನ ಕೆಸರಾಗಿತ್ತು. ಕಾರು ಹೊರಡುವ ಮುಂಚೆಯೇ ಹೂತುಕೊಂಡಿತು. ಹಿಂದಿನ ಎರಡು ಚಕ್ರಗಳಲ್ಲಿ ಕೆಸರಿನಲ್ಲಿದ್ದದ್ದು ಗಿರ್ರನೆ ತಿರುಗಿತು; ಗಟ್ಟಿ ನೆಲದ ಮೇಲಿದ್ದದ್ದು ಅಲುಗಾಡಲಿಲ್ಲ. ಕೊನೆಗೆ ಎತ್ತು ಕಟ್ಟಿ ಎಳೆಸಬೇಕಾಯಿತು. ಅಷ್ಟರಲ್ಲಿ ಸಾಲು ಮುಂದೆ ಹೋಗಿತ್ತು. ಹೋಗುತ್ತಾ ಎಲ್ಲರೂ ಕಿಸಕ್ಕನೆ ನಕ್ಕದ್ದು ಅವನಿಗೆ ಕೇಳಿಸಿತು.

ಮೈಯೆಲ್ಲ ಉರಿದುಕೊಂಡು ನೇರ ಗ್ಯಾರೇಜಿಗೆ ಹೋದ. ಗ್ಯಾರೇಜಿನವನೂ ಇವನಿಗೆ ತಕ್ಕ ಜೋಡಿ.

“ಹಿಂದಿನ ಆಕ್ಸಲ್‌ನ ಗೇರುಗಳು ಸವೆದಿವೆ, ಸಾಹುಕಾರರೇ. ದಪ್ಪ ಹಲ್ಲಿನ ಹೊಸವು ಹಾಕೋಣ.”

“ಹಾಕು. ಆದರೆ ಆ ಸೋಮಾರಿ ಚಕ್ರಕ್ಕೆ ಏನು ಮಾಡುತ್ತೀ? ಒಂದೇ ಮನೆಯ ಅನ್ನ ತಿಂದು ಒಬ್ಬ ದುಡಿಯುವುದು, ಒಬ್ಬ ಕೂರುವುದು ನನಗೆ ಆಗದು.”

“ಅದಕ್ಕೇನಂತೆ! ಆಕ್ಸಲ್‌ನ ನಡುವೆ ಡಿಫರೆನ್ಷಿಯಲ್ ಅಂತ ಇದೆಯಲ್ಲ, ಎರಡು ಚಕ್ರಗಳನ್ನೂ ಅವುಗಳ ಪಾಡಿಗೆ ಬಿಡುವುದು ಅದೇ. ಅದರೊಳಗಿನ ಗೇರುಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತೇನೆ. ಆಮೇಲೆ ಇದು ಎಷ್ಟು ಸುತ್ತು ತಿರುಗಿದರೆ ಅದೂ ಅಷ್ಟೇ ಸುತ್ತು. ತಪ್ಪಿಸಿಕೊಳ್ಳುವ ಮಾತೇ ಇಲ್ಲ.”

“ಭೇಷ್! ಹಾಗೇ ಮಾಡು.”

ಅದನ್ನು ಅಲ್ಲಿ ಇಟ್ಟವನು ಯಾಕೆ ಇಟ್ಟ ಎಂದು ಇಬ್ಬರಲ್ಲಿ ಒಬ್ಬನೂ ಕೇಳಲಿಲ್ಲ. ಬುದ್ಧಿವಂತರಲ್ಲವೇ!

ವ್ಯಾಪಾರಿ ಬೇಕೆಂದೇ ಕೆರೆಯಂಗಳದ ಕೆಸರಿಗೆ ಕಾರು ಇಳಿಸಿ ನೋಡಿದ. ಎರಡು ಚಕ್ರಗಳೂ ಒಟ್ಟಿಗೆ ಕಚ್ಚಿದವು, ಕಾರು ಸಲೀಸಾಗಿ ಮೇಲೆ ಬಂತು. ನೇರ ದಾರಿಯಲ್ಲೂ ತಕರಾರಿಲ್ಲದೆ ಓಡಿತು. ಅವನು ಹಿಗ್ಗಿ ಹೀರೇಕಾಯಿಯಾದ. ಪೇಟೆಯ ಮೂಲೆಯಲ್ಲಿ ತಿರುಗಿಸುವಾಗ ಮಾತ್ರ ಹಿಂದಿನಿಂದ ಕಿರ್ರೆಂಬ ಸದ್ದು ಬರುತ್ತಿತ್ತು. ರಸ್ತೆಯ ಮೇಲೆ ಟೈರಿನ ಕರಿ ಗೆರೆ ಬೀಳುತ್ತಿತ್ತು. ಹೊಸ ಚಪ್ಪಲಿ ಮೊದಮೊದಲು ಕಚ್ಚುತ್ತದೆ, ನಾಲ್ಕು ದಿನ ಹೋದರೆ ತಾನೇ ಸರಿಹೋಗುತ್ತದೆ ಎಂದುಕೊಂಡ.

ಇಲ್ಲಿ ಮರುಳಸಿದ್ದನಿಗೆ ಕೂತಲ್ಲಿ ಕೂರಲಾಗಲಿಲ್ಲ. ನನ್ನ ಮನೆ ಒಡೆಯುತ್ತಿದೆ, ಇವರು ಯಾರದೋ ಕಾರಿನ ಕತೆ ಹೇಳುತ್ತಿದ್ದಾರಲ್ಲ ಎಂದು ಒಳಗೇ ಸಿಟ್ಟು ಬಂತು. ಸ್ವಾಮಿಗಳು ಅದನ್ನು ನೋಡಿದರು, ನೋಡಿಯೂ ನಿಲ್ಲಿಸಲಿಲ್ಲ.

ಮರುವರ್ಷ ವ್ಯಾಪಾರಿ ಎಲ್ಲರಿಗಿಂತ ಮುಂಚೆ ಮೈದಾನಕ್ಕೆ ಹೋಗಿ ಸಾಲಿನ ಮೊದಲಲ್ಲಿ ನಿಂತ. ಗ್ಯಾರೇಜಿನವನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದ. ಬಯಲು ದಾರಿಯಲ್ಲಿ ಅವನ ಕಾರನ್ನು ಹಿಂದೆ ಹಾಕುವವರೇ ಇರಲಿಲ್ಲ. ಆಮೇಲೆ ಬೆಟ್ಟ ಶುರುವಾಯಿತು. ಬೆಟ್ಟದ ದಾರಿ ಗೊತ್ತಲ್ಲ, ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು. ಒಂದೊಂದು ತಿರುವಿನಲ್ಲೂ ಕಾರು ನರಳಿತು. ಅದು ನರಳಿದಷ್ಟೂ ಇವನು ಕಾಲು ಒತ್ತಿದ. ಹಿಂದೆ ಇಡೀ ಸಾಲು ಬರುತ್ತಿದೆ, ನಿಲ್ಲಿಸಿದರೆ ಮಾನ ಹೋಗುತ್ತದಲ್ಲ! ದೊಡ್ಡದೊಂದು ತಿರುವಿನ ಕೊನೆಯಲ್ಲಿ ಲಟ್ಟೆಂದು ಸದ್ದಾಯಿತು. ಹಿಂದಿನ ಒಂದು ಚಕ್ರ ಓರೆಯಾಗಿ, ಎಂಜಿನ್ ಓಡುತ್ತಿದ್ದಂತೆಯೇ ಕಾರು ನಿಂತಿತು.

ಗ್ಯಾರೇಜಿನವನು ಜಾಕು ಕೊಟ್ಟು, ಚಕ್ರ ಕಳಚಿ, ಆಕ್ಸಲ್ ಹಿಡಿದು ಎಳೆದ. ಮುರಿದ ತುಂಡು ಕೈಗೆ ಬಂತು. ಅವನು ಅದನ್ನು ಎತ್ತಿ ತೋರಿಸಿ, “ನನ್ನ ಬೆಸುಗೆ ಬಿಟ್ಟಿಲ್ಲ, ಸಾಹುಕಾರರೇ. ಹೊಸ ಗೇರುಗಳೂ ಕಲ್ಲಿನ ಹಾಗಿವೆ. ಹೋಗಿರುವುದು ನಿಮ್ಮ ತಂದೆಯವರ ಕಾಲದ ಆಕ್ಸಲ್ ಮಾತ್ರ,” ಎಂದ. ಏನು ಸಮಾಧಾನ ನೋಡು!

ಅಂಥ ಆಕ್ಸಲ್ ಈಗ ಎಲ್ಲಿಯೂ ಸಿಗುವುದಿಲ್ಲ. ವ್ಯಾಪಾರಿ ದಾರಿಬದಿಯ ಕಟ್ಟೆಯ ಮೇಲೆ ಕೂತ. ಎಲ್ಲರೆದುರಿಗೇ ಕಣ್ಣಲ್ಲಿ ನೀರು ಬಂತು. ಸಾಲಿನ ಕಾರುಗಳೆಲ್ಲ ಅವನನ್ನು ದಾಟಿಕೊಂಡು ಮೇಲೆ ಹೋದವು. ಈ ಸಲ ಯಾರೂ ನಗಲಿಲ್ಲ. ಅವು ಹೋದ ಮೇಲೆ ರಸ್ತೆಯ ಧೂಳಿನಲ್ಲಿ ಚಕ್ರದ ಗುರುತುಗಳು ಉಳಿದವು. ಅವನು ಎದ್ದು, ತಿರುವಿನ ತುದಿಯಿಂದ ತುದಿಗೆ, ಬೆಟ್ಟದ ಕಡೆಯ ಗುರುತಿನ ಮೇಲೆ ನಡೆದ. ನಾಲ್ಕು ಹೆಜ್ಜೆಗೆ ಮುಗಿದ ಹಾಗಾಯಿತು. ಮತ್ತೆ ಬಂದು ಕಣಿವೆಯ ಕಡೆಯ ಗುರುತಿನ ಮೇಲೆ ನಡೆದ. ಅದು ಬೇಗ ಮುಗಿಯಲಿಲ್ಲ. ಒಳಗಿನ ಚಕ್ರದಷ್ಟೇ ಸುತ್ತು ತಿರುಗು ಎಂದು ಹೊರಗಿನದನ್ನೂ ಬೆಸೆಸಿದ್ದೆನಲ್ಲ ಎಂದು ಅವನಿಗೆ ಆಗ ಹೊಳೆಯಿತು. ಮುರಿದ ತುಂಡನ್ನು ಮಡಿಲಲ್ಲಿಟ್ಟುಕೊಂಡು ಅವನು ಸಂಜೆಯವರೆಗೂ ಅಲ್ಲೇ ಕೂತಿದ್ದ.

ಸ್ವಾಮಿಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಮರುಳಸಿದ್ದ ತಲೆ ತಗ್ಗಿಸಿ ಕೂತಿದ್ದ. ನಿನ್ನೆ ತಾನು ಹಿಡಿದು ಎಳೆದ ಹೆಂಡತಿಯ ಕೈ ತಣ್ಣಗಿತ್ತು ಎಂಬುದು ಅವನಿಗೆ ಈಗ ನೆನಪಾಯಿತು. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ.

“ತಿರುವು ಇಬ್ಬರಿಗೂ ಒಂದೇ ಅಲ್ಲವೇ, ಬುದ್ಧಿ? ನನಗೂ ಅವಳು ಮಗಳೇ. ನಾನು ದಾಟಲಿಲ್ಲವೇ?”

“ನೀನು ಬೆಳಿಗ್ಗೆ ಎದ್ದು ಅಂಗಡಿಗೆ ಹೋಗುತ್ತೀ. ಮಗು ಓಡಾಡಿದ ಮನೆಯಲ್ಲಿ ಇಡೀ ದಿನ ಇರುವವರು ಯಾರು?”

“ಅವಳು,” ಎಂದ ಮರುಳಸಿದ್ದ.

“ಅವಳು ಹಿಂದೆ ಬಿದ್ದಿಲ್ಲಪ್ಪ,” ಎಂದರು ಸ್ವಾಮಿಗಳು. “ಅವಳ ದಾರಿ ಉದ್ದ.”