ತಟ್ಟೆ ತೊಳೆದ ನೀರು

ಮಲಪ್ರಭೆಯ ದಂಡೆಯ ಮೇಲೊಂದು ಪುಟ್ಟ ಮಠ. ಅಲ್ಲಿನ ಗುರು ಸಂಗಯ್ಯಜ್ಜಾರಿಗೆ ಆರು ವರ್ಷದಿಂದ ನಡುಕದ ರೋಗ. ಡಾಕ್ಟರು ಅದಕ್ಕೆ ಪಾರ್ಕಿನ್ಸನ್ ಅಂತಾರೆ.

ಕೈ ನಡುಗಿದರೆ ಅಜ್ಜಾರು ನಗುತ್ತಿದ್ದರು. ಈಗ ಗಂಟಲೂ ಮಾತು ಕೇಳುತ್ತಿರಲಿಲ್ಲ. ಉಣ್ಣುವಾಗೆಲ್ಲ ಕೆಮ್ಮು. ಎರಡು ಸಲ ಅನ್ನ ನೀರು ಶ್ವಾಸಕೋಶಕ್ಕಿಳಿದು ಜ್ವರ ಬಂದಿತ್ತು. ಇನ್ನೊಂದು ಸಲ ಹೀಗಾದರೆ ಮೂಗಿಗೆ ನಳಿಗೆ ಹಾಕಿಯೇ ಉಣಿಸಬೇಕು ಎಂದಿದ್ದರು ಡಾಕ್ಟರು.

ಶಿಷ್ಯ ಚನ್ನವೀರ ಹೆದರಿಬಿಟ್ಟ. ಅಜ್ಜಾರನ್ನು ಪಂಕ್ತಿಯಿಂದ ಎಬ್ಬಿಸಿ ಒಳಕೋಣೆಯಲ್ಲಿ ಕೂರಿಸಿದ. ಅನ್ನ ಮೆತ್ತಗೆ ಕಿವುಚಿದ, ಸಾರು ಗಟ್ಟಿ ಮಾಡಿದ, ತೆಳ್ಳಗಿದ್ದದ್ದು ಬೇಗ ಜಾರಿ ಶ್ವಾಸನಾಳಕ್ಕೆ ಹೋಗುತ್ತದೆಂದು ಕುಡಿಯಲು ನೀರಿನ ಬದಲು ಗಟ್ಟಿ ಅಂಬಲಿ ಕೊಟ್ಟ. ಡಾಕ್ಟರು ಹೇಳಿದ್ದು ಒಂದನ್ನೂ ಬಿಡಲಿಲ್ಲ, ಪಾಪ.

ಆದರೂ ದಿನಾ ಊಟದ ಕೊನೆಗೆ ಅಜ್ಜಾರು ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದರು.

ಒಂದು ದಿನ ಚನ್ನವೀರ ಅತ್ತೇಬಿಟ್ಟ. "ಎಲ್ಲಾ ಗಟ್ಟೀನ ಕೊಡತೀನ್ರೀ ಅಜ್ಜಾರ. ಮತ್ಯಾಕ ಹಿಂಗ?"

"ಕಡೀಕ ಏನ್ ಕೊಟ್ಟಿ?"

"ತಟ್ಟಿ ತೊಳದ ನೀರ್ರೀ."

ಆ ಮಠದಲ್ಲಿ ಉಂಡವರು ತಟ್ಟೆ ತೊಳೆದು ಆ ನೀರನ್ನೇ ಕುಡಿಯಬೇಕು. ಒಂದು ಅಗುಳೂ ಹಾಳಾಗಬಾರದು.

"ಅದು ನೀರಲ್ಲೇನು?"

"ಅಯ್ಯ ಶಿವನ! ಅದು ಪ್ರಸಾದ ಅಲ್ಲೇನ್ರೀ!"

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹುಚ್ಚಪ್ಪ, ನಾನೂ ಹಂಗ ತಿಳಕೊಂಡ ಕುಡದೆ. ಗಂಟಲಕ್ಕ ಯಾರ್ ಹೇಳಬೇಕು?"

ಅಂದಿನಿಂದ ತಟ್ಟೆ ತೊಳೆಯುವುದಕ್ಕೂ ಅಂಬಲಿಯೇ. ಒಂದು ತಿಂಗಳು ಜ್ವರ ಬರಲಿಲ್ಲ. ಆಮೇಲೊಂದು ಮಧ್ಯಾಹ್ನ ಅಜ್ಜಾರು ಕೋಲೂರಿಕೊಂಡು ಪಂಕ್ತಿಗೇ ಬಂದರು.

"ಬ್ಯಾಡ್ರೀ ಅಜ್ಜಾರ! ಮಂದಿ ಮುಂದ ಕೆಮ್ಮು ಬಂದರ?"

"ಬಂದರ ಕೆಮ್ಮತೀನಿ."

ಬೆನ್ನು ನೆಟ್ಟಗೆ ಮಾಡಿ, ಗದ್ದ ತಗ್ಗಿಸಿ, ಒಂದೊಂದೇ ತುತ್ತು ನುಂಗಿದರು. ಉಣ್ಣುವಾಗ ಮಾತಾಡದ ಪಂಕ್ತಿ ಅದು. ಎಲ್ಲರ ಕಣ್ಣೂ ಅವರ ಗಂಟಲ ಮೇಲೆ.

ನಡುವೆ ಒಂದು ತುತ್ತು ಅಡ್ಡ ಹೋಯಿತು.

ಚನ್ನವೀರ ತನ್ನ ತಟ್ಟೆ ಬಿಟ್ಟು ನೀರಿನ ತಂಬಿಗೆ ಹಿಡಿದು ಓಡಿದ. ಗಾಬರಿಯಲ್ಲಿ ಕಲಿತದ್ದೆಲ್ಲ ಮರೆತಿದ್ದ. ಅಜ್ಜಾರು ತಂಬಿಗೆ ಪಕ್ಕಕ್ಕೆ ತಳ್ಳಿದರು. ನಾಚಿಕೆ ಗೀಚಿಕೆ ಏನೂ ಇಲ್ಲದೆ, ಮಠ ಅದುರುವ ಹಾಗೆ ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ಅಡ್ಡ ಹೋದದ್ದು ಹೊರಗೆ ಬಿತ್ತು.

ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಉಂಡರು. ಕೊನೆಗೆ ತಟ್ಟೆಗೆ ಅಂಬಲಿ ಸುರಿದು, ನಡುಗುವ ಬೆರಳಿಂದ ಸುತ್ತ ಬಳಿದು, ಗುಟುಕು ಗುಟುಕಾಗಿ ಅಷ್ಟನ್ನೂ ಕುಡಿದರು. ಕೆಮ್ಮು ಬರಲಿಲ್ಲ.

ಅಡುಗೆಮನೆಯ ನೀಲವ್ವನಿಗೆ ತಡೆಯಲಾಗಲಿಲ್ಲ. "ಗೆದ್ರಲ್ರೀ ಅಜ್ಜಾರ!" ಎಂದು ಕೂಗಿಯೇಬಿಟ್ಟಳು. ಇಡೀ ಪಂಕ್ತಿ ಚಪ್ಪಾಳೆ ತಟ್ಟಿತು.

ಚನ್ನವೀರ ತಂಬಿಗೆ ಹಿಡಿದುಕೊಂಡೇ ನಿಂತಿದ್ದ. ಸಂತೋಷಕ್ಕೆ ಕಣ್ಣೀರು ಧಾರೆಯಾಗಿ ಸುರಿಯುತ್ತಿತ್ತು. ಅವನ ತಟ್ಟೆಯಲ್ಲಿ ಅನ್ನ ಹಾಗೇ ಆರಿಹೋಗಿತ್ತು.

ಅಜ್ಜಾರು ಅದನ್ನು ನೋಡಿದರು.

"ಉಣ್ಣೋ ಮಗನ. ನೀ ಉಣ್ಣೂತನಕ ನಾ ಏಳೂದಿಲ್ಲ."