ಹರಟೆಮಲ್ಲ ಹಕ್ಕಿಗೆ ಮಣ್ಣಿನ ಬಣ್ಣ ಬಂದದ್ದು

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳಿಗೆ ಬಳಿದ ಬಣ್ಣ ಆರಿರಲಿಲ್ಲ, ಮುಟ್ಟಿದರೆ ಕೈಗೆ ಅಂಟುತ್ತಿತ್ತು. ಹೊಳೆಗೆ ಯಾವ ಕಡೆ ಹೋಗಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ದಾರಿ ಕೇಳಿಕೊಂಡು ಹರಿಯುತ್ತಿತ್ತು.

ಆಗ ಒಂದು ಪದ್ಧತಿಯಿತ್ತು. ಯಾವ ಗೂಡಿನಲ್ಲಿ ಮರಿಯಾದರೂ ಅದರ ಎದುರು ಸೋಬಾನೆ ಹಾಡಬೇಕು. ಹಾಡು ಪೂರ್ತಿ ಕೇಳಿದ ಮೇಲೆಯೇ ಮರಿ ಕಣ್ಣು ಬಿಡುವುದು. ಹಾಡಿಲ್ಲವೋ, ಕಣ್ಣೂ ಇಲ್ಲ. ಹೊರಗೆ ಏನೋ ಒಳ್ಳೆಯದಿದೆ ಎಂದು ಯಾರೂ ಹೇಳದಿದ್ದರೆ ಕಣ್ಣು ಬಿಡಲು ಮರಿಗೇನು ಹುಚ್ಚೇ?

ಹಾಡುವುದು ಸೋಬಾನೆ ಮೇಳದ ಕೆಲಸ. ಏಳೆಂಟು ಹಕ್ಕಿಗಳ ಗುಂಪು ಅದು. ಮದುವೆಗೆ ಅವರೇ, ಗೂಡಿನ ಒಕ್ಕಲಿಗೆ ಅವರೇ, ಮರಿಯ ನಾಮಕರಣಕ್ಕೂ ಅವರೇ. ಹಾಡಿದವರಿಗೆ ಮನೆಯವರು ಅರಿಶಿನ ಕುಂಕುಮ ಹಚ್ಚಿ ಕಳಿಸುತ್ತಿದ್ದರು. ಹಚ್ಚಿ ಹಚ್ಚಿ ಅವರ ಮೈ ಅರಿಶಿನದ ಬಣ್ಣಕ್ಕೆ ತಿರುಗಿತ್ತು, ರೆಕ್ಕೆಯಂಚು ಕುಂಕುಮವಾಗಿತ್ತು. ಮೇಳದ ಹಿರಿಯಳು ದೇವೀರಕ್ಕ. ಅವಳಿಗೆ ತನ್ನ ಬಣ್ಣ ಬಲು ಇಷ್ಟ. ನೀರು ಕುಡಿಯಲು ಹೋದರೆ ಕುಡಿಯುವುದಕ್ಕಿಂತ ನೋಡಿಕೊಳ್ಳುವುದೇ ಹೆಚ್ಚು.

ಅವರು ಹಾಡುವ ರೀತಿಯೇ ಬೇರೆ. ದೇವೀರಕ್ಕ ಮೊದಲ ಸಾಲು ಎತ್ತುವಳು. ಅವಳ ಉಸಿರು ಮುಗಿಯುವ ಮೊದಲೇ ಪಕ್ಕದ ಕೆಂಪವ್ವ ಎರಡನೆಯ ಸಾಲು ಹಿಡಿಯುವಳು. ಅವಳಿಂದ ಇನ್ನೊಬ್ಬಳು, ಅವಳಿಂದ ಮತ್ತೊಬ್ಬಳು. ಕೊನೆಗೆ ಎಲ್ಲರೂ ಸೇರಿ ಸೋಬಾನವೇ ಎನ್ನುವರು. ಹಾಡುವವರಿಗೆ ಉಸಿರು ಕಟ್ಟಿದರೂ ಹಾಡಿಗೆ ಕಟ್ಟುತ್ತಿರಲಿಲ್ಲ. ಎತ್ತಿದ ಪದವನ್ನು ನಡುವೆ ಬಿಡಬಾರದು ಎಂಬುದೊಂದೇ ಅವರ ಕಟ್ಟಳೆ.

ಹೀಗಿರಲು ಗಿಡುಗನಿಗೆ ಪಟ್ಟವಾಯಿತು. ಮೇಳ ಹೋಗಿ ಹಾಡಿ ಬಂತು. ಮಾರನೆಯ ದಿನ ಗಿಡುಗ ದೇವೀರಕ್ಕನನ್ನು ಕರೆಸಿದ.

"ಏನವ್ವ, ನನ್ನ ಪಟ್ಟಕ್ಕೆ ಹಾಡಿದ ಪದವನ್ನೇ ಮೊನ್ನೆ ಇರುವೆ ಮನೇಲೂ ಹಾಡಿದ್ರಂತೆ?"

"ಹೂಂ ಕಣಪ್ಪ," ಎಂದಳು ದೇವೀರಕ್ಕ. "ಇರುವೆಗೂ ಒಳ್ಳೇದಾಗಲಿ, ನಿನಗೂ ಒಳ್ಳೇದಾಗಲಿ. ಒಳ್ಳೇದರಲ್ಲಿ ದೊಡ್ಡದು ಚಿಕ್ಕದು ಐತಾ?"

ಗಿಡುಗನ ಮುಖ ಇಂಗು ತಿಂದ ಮಂಗನ ಹಾಗಾಯಿತು. ರಾಜನಾಗಿ ಎರಡು ದಿನವೂ ಆಗಿಲ್ಲ, ಆಗಲೇ ಇರುವೆಯ ಪಕ್ಕ ಕೂರಿಸಿಬಿಟ್ಟರಲ್ಲ! ಸೇಡು ತೀರಿಸಿಕೊಳ್ಳಲು ಅವನು ಪರೀಕ್ಷೆ ಇಟ್ಟ. ಹಾಡುವವರೆಲ್ಲ ಬೋಳುಮರದ ಕೊಂಬೆಯ ಮೇಲೆ ಒಬ್ಬೊಬ್ಬರೇ ಬಂದು ಹಾಡಬೇಕು. ಗೆದ್ದವರು ಮಾತ್ರ ಇನ್ನು ಮುಂದೆ ಶುಭಕಾರ್ಯಗಳಲ್ಲಿ ಹಾಡಬಹುದು.

ಕೋಗಿಲೆ ಬಂದ, ಮೊದಲಿಂದ ಕೊನೆಯವರೆಗೆ ಒಬ್ಬನೇ ಹಾಡಿದ. ಚೆನ್ನಾಗಿಯೇ ಹಾಡಿದ, ಸುಳ್ಳೇಕೆ ಹೇಳಲಿ.

ದೇವೀರಕ್ಕನ ಸರದಿ ಬಂತು. ಮೊದಲ ಸಾಲು ಎತ್ತಿದಳು. ಅಭ್ಯಾಸಬಲದಿಂದ ನಿಲ್ಲಿಸಿ, ಮುಂದಿನದು ಬರಲಿ ಎಂದು ಕತ್ತು ತಿರುಗಿಸಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಎರಡನೆಯ ಸಾಲನ್ನು ಅವಳು ಸಾವಿರ ಸಲ ಕೇಳಿದ್ದಳು, ಒಂದು ಸಲವೂ ಹಾಡಿರಲಿಲ್ಲ. ಬಾಯಿ ತೆರೆದೇ ಇತ್ತು, ಪದ ಬರಲಿಲ್ಲ. ಕೆಂಪವ್ವ ಬಂದಳು, ನಡುವಿನಿಂದ ಶುರುಮಾಡಿ ನಡುವಿಗೇ ನಿಂತಳು. ಮರದ ತುಂಬ ನಗೆ.

"ನಾವು ಕೂಡಿ ಹಾಡೋರಪ್ಪ," ಎಂದಳು ದೇವೀರಕ್ಕ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಗಿಡುಗ ಗಹಗಹಿಸಿದ. "ಇದು ಹಾಡಲ್ಲ, ಬರೀ ಹರಟೆ. ಹರಟೆಮಲ್ಲರು ನೀವು! ಇನ್ನು ಯಾವ ಗೂಡಿನ ಮುಂದೆ ಬಾಯಿ ಬಿಟ್ಟರೂ ನನ್ನ ಉಗುರು ನೋಡ್ತೀರಿ."

ಮೇಳ ಹಾಡುವುದನ್ನೇ ಬಿಟ್ಟಿತು. ದೇವೀರಕ್ಕನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ನೀರಿಗೆ ಹೋದರೂ ಮುಖ ನೋಡಿಕೊಳ್ಳಲಿಲ್ಲ.

ಅಷ್ಟರಲ್ಲಿ ಮುಳ್ಳಿನ ಕಾರೆಗಿಡದಲ್ಲಿ, ಎಲೆ ಹೊಲಿದು ಗೂಡು ಮಾಡಿಕೊಂಡಿದ್ದ ಪುಟ್ಟ ಸಿಂಪಿಗ ಹಕ್ಕಿಗೆ ಮರಿಯಾಯಿತು. ಮರಿ ತಿನ್ನುತ್ತಿತ್ತು, ಬೆಳೆಯುತ್ತಿತ್ತು, ಕಣ್ಣು ಮಾತ್ರ ಬಿಡಲೊಲ್ಲದು.

ತಾಯಿ ಪರೀಕ್ಷೆ ಗೆದ್ದ ಕೋಗಿಲೆಯ ಹತ್ತಿರ ಹೋದಳು. "ಮಾಮರದ ತುದಿ ಬಿಟ್ಟು ಇಳಿದರೆ ನನ್ನ ಸ್ವರ ಕೆಡ್ತದಮ್ಮ," ಎಂದ ಕೋಗಿಲೆ. ಗಾಳಿಯ ಹತ್ತಿರ ಹೋದಳು. "ಪದ ಗೊತ್ತು ಕಣವ್ವ, ನಿಂತು ಹಾಡೋಕೆ ಪುರಸೊತ್ತಿಲ್ಲ," ಎಂದಿತು ಗಾಳಿ. ಹೊಳೆಯ ಹತ್ತಿರ ಹೋದಳು. "ಶುರುಮಾಡೋ ಹೊತ್ತಿಗೆ ನಾನು ಮುಂದಿನ ಊರಲ್ಲಿರ್ತೀನಿ," ಎಂದಿತು ಹೊಳೆ.

ಕೊನೆಗೆ ದೇವೀರಕ್ಕನ ಎದುರು ಬಂದು ಕೂತಳು. "ಹಾಡು ಅಂತ ಕೇಳಾಕೆ ಬಂದಿಲ್ಲಕ್ಕ. ಗಿಡುಗನ ಮಾತು ನನಗೂ ಗೊತ್ತು. ಕುರುಡು ಮರಿ ಗೂಡಿಂದ ಇಳಿದ ದಿನವೇ ಬೆಕ್ಕಿನ ಪಾಲು. ಯಾರ ಹತ್ರನಾದ್ರೂ ಅಳಬೇಕಿತ್ತು, ಅದಕ್ಕೆ ಬಂದೆ."

ದೇವೀರಕ್ಕನ ನಾಚಿಕೆಯೆಲ್ಲ ಆ ಗಳಿಗೆಯಲ್ಲಿ ಸಿಟ್ಟಾಯಿತು. "ಏಳ್ರೇ ಎಲ್ಲ!" ಎಂದಳು.

"ಅಕ್ಕ, ಗಿಡುಗ ಸೀಳಿ ಹಾಕ್ತಾನೆ," ಎಂದಳು ಕೆಂಪವ್ವ.

"ಅವನಿಗೆ ಉಗುರೈತೆ, ನಮಗೆ ಗಂಟಲೈತೆ."

"ಹಾಡೋದೇ ಆದ್ರೆ ಕತ್ತಲಾಗಲಿ, ಮೆಲ್ಲಗೆ ಹಾಡಿ ಬರಾನ."

"ಕದ್ದು ಹಾಡಿದ ಸೋಬಾನೆ ಕೇಳಿದ ಮರಿ ಲೋಕನ ಕದ್ದೇ ನೋಡ್ತದೆ. ಅದು ಬೇಡ ಕಣೇ. ಬಿಸಿಲಲ್ಲೇ ಹಾಡಾನ."

ನಡುಮಧ್ಯಾಹ್ನ ಮೇಳ ಕಾರೆಗಿಡದ ಎದುರಿನ ಬಯಲಲ್ಲಿ ಸುತ್ತುಗಟ್ಟಿ ನಿಂತಿತು. ದೇವೀರಕ್ಕ ಎತ್ತಿದಳು:

"ಬೆಳಕವ್ವ ಬಂದಾಳೆ, ಬಾಗಿಲ ತೆರೆ ಕಂದ..."

ಕತ್ತು ತಿರುಗಿಸಿದಳು. ಈ ಸಲ ಕೆಂಪವ್ವ ಪಕ್ಕದಲ್ಲಿದ್ದಳು. ಪದ ಹರಿಯಿತು.

ಗಿಡುಗ ಕೇಳಿಸಿಕೊಂಡ, ಕಲ್ಲು ಬಿದ್ದಂತೆ ಎರಗಿದ. ಹಾಡುತ್ತಿದ್ದವಳತ್ತ ನುಗ್ಗಿದರೆ ಅವಳು ಬಾಯಿ ಮುಚ್ಚಿ ಸರಿದಳು, ಹಾಡು ಅವನ ಬೆನ್ನ ಹಿಂದೆ ಎದ್ದಿತು. ಹಿಂದಕ್ಕೆ ತಿರುಗಿದ, ಹಾಡು ಎಡಕ್ಕೆ ಹೋಯಿತು. ಎಡಕ್ಕೆ ಹಾರಿದ, ಅದು ಬಲಕ್ಕಿತ್ತು. ಯಾರನ್ನು ಹಿಡಿದರೆ ಹಾಡು ನಿಲ್ಲುತ್ತದೆಂದು ಅವನಿಗೆ ತಿಳಿಯಲೇ ಇಲ್ಲ.

ಕೊನೆಗೆ ರೆಕ್ಕೆ ಬಡಿದು ಬಯಲಿನ ಮಣ್ಣನ್ನೆಲ್ಲ ಎಬ್ಬಿಸಿದ. ಅರಿಶಿನದ ಮೇಲೆ ಮಣ್ಣು, ಕುಂಕುಮದ ಮೇಲೆ ಮಣ್ಣು, ಗಂಟಲಲ್ಲಿ ಮಣ್ಣು. ಯಾರೂ ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಪಕ್ಕದವಳ ಕೊಕ್ಕು ಕಾಣದು, ಕೊಕ್ಕು ಕಾಣದಿದ್ದರೆ ಸಾಲು ಹಿಡಿಯಲಾಗದು. ದುರುಗುಟ್ಟಿ ನೋಡುತ್ತಲೇ ಹಾಡಿದರು. ಧೂಳು ಕೂತು ಕೂತು ಅವರ ಕಣ್ಣು ಬೆಳ್ಳಗಾಯಿತು.

ಕೊನೆಯ ನುಡಿಗೆ ಬರುವಾಗ ದೇವೀರಕ್ಕನ ಗಂಟಲು ಕಟ್ಟಿಯೇ ಹೋಯಿತು. ಕೊಕ್ಕು ತೆರೆದಳು, ಮಣ್ಣು ಉದುರಿತು, ಸ್ವರ ಬರಲಿಲ್ಲ. ಪದ ಇನ್ನೇನು ನೆಲಕ್ಕೆ ಬೀಳಬೇಕು, ಹೆದರುಪುಕ್ಕಲಿ ಕೆಂಪವ್ವ ತನ್ನದಲ್ಲದ, ಆ ನುಡಿಯ ಮೊದಲ ಸಾಲನ್ನು ಎತ್ತಿಬಿಟ್ಟಳು! ಒರಟಾಗಿ, ಕೀಚಲಾಗಿ, ಆದರೆ ಎತ್ತಿದಳು. ಉಳಿದವರೆಲ್ಲ ಒಟ್ಟಿಗೆ ಹಿಡಿದರು. ಸೋಬಾನವೇ ಎಂದು ಮುಗಿಸಿದರು.

ಸಿಂಪಿಗನ ಮರಿ ಕಣ್ಣು ಬಿಟ್ಟಿತು. ಬಿಟ್ಟದ್ದೇ ಗಿಡುಗನನ್ನು ನೋಡಿ "ಇದ್ಯಾರವ್ವ ಇದು, ಏದುಸಿರು ಬಿಡ್ತೈತೆ?" ಎಂದಿತು.

ಗಿಡುಗನಿಗೆ ನಿಜವಾಗಿಯೂ ಉಸಿರು ಮುಗಿದಿತ್ತು. ಒಬ್ಬನೇ ಇದ್ದವನ ಉಸಿರು ಮುಗಿದರೆ ಹಿಡಿಯುವವರು ಯಾರು? ಮೇಲಕ್ಕೆ ಹಾರಿ ಹೋದ.

ದಾರಿ ಕೇಳಿಕೊಂಡು ಬಂದ ಹೊಳೆ ಮೇಳವನ್ನು ನೋಡಿ ಮರುಗಿತು. "ಬಾರಕ್ಕ, ತೊಳೀತೀನಿ. ಮತ್ತೆ ಅರಿಶಿನದ ಹಂಗೆ ಹೊಳೀವಂತೆ."

ದೇವೀರಕ್ಕ ಬಗ್ಗಿ ನೀರಲ್ಲಿ ನೋಡಿಕೊಂಡಳು. ಮಣ್ಣು ಬಣ್ಣದ ಮೈ, ಬಿಳಿಗಣ್ಣು. ಹಳೆಯ ಅರಿಶಿನ ಎಲ್ಲಾದರೂ ಉಳಿದಿದೆಯೇ ಎಂದು ರೆಕ್ಕೆ ಎತ್ತಿ ಹುಡುಕಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿದಳು.

"ಬೇಡ ಕಣವ್ವ," ಎಂದಳು ಒಡಕು ದನಿಯಲ್ಲಿ. "ಆ ಬಣ್ಣ ಅವರಿವರು ಹಚ್ಚಿದ್ದು. ಈ ಮಣ್ಣು ನಾವು ಹಾಡಿ ಗಳಿಸಿದ್ದು. ಗಿಡುಗ ಇಟ್ಟ ಹೆಸರೂ ಇರಲಿ. ಹರಟೆಮಲ್ಲರು ಅಂದನಲ್ಲ, ಮಲ್ಲರೇ ನಾವು."

ನಿಮ್ಮ ಹಿತ್ತಿಲಿನಲ್ಲಿ ಏಳೆಂಟು ಮಣ್ಣು ಬಣ್ಣದ ಹಕ್ಕಿಗಳು ಕುಪ್ಪಳಿಸುತ್ತಾ, ಬಿಳಿಗಣ್ಣು ಬಿಟ್ಟು ದುರುಗುಟ್ಟುತ್ತಾ, ಒಬ್ಬಳು ಶುರುಮಾಡಿದ್ದನ್ನು ಉಳಿದವರೆಲ್ಲ ಹಿಡಿದು ಗದ್ದಲವೆಬ್ಬಿಸುವುದನ್ನು ನೀವು ನೋಡಿದ್ದೀರಲ್ಲ, ಅವರೇ ಇವರು. ಇವತ್ತಿಗೂ ಅವರಲ್ಲಿ ಒಬ್ಬಳೇ ಎಲ್ಲೂ ಸಿಗುವುದಿಲ್ಲ, ಏಕೆಂದರೆ ಒಬ್ಬೊಬ್ಬರೇ ಹಾಡುವ ಆ ಪರೀಕ್ಷೆಗೆ ಅವರು ಮತ್ತೆಂದೂ ಕೂರುವುದಿಲ್ಲ.