ಅಸಲು ಗೋಡೆ

"ಗುರುಗಳೇ, ಹುಟ್ಟಿದಾಗಿನಿಂದ ಅಂಟಿಕೊಂಡದ್ದನ್ನೆಲ್ಲ ಕೆರೆದು ಹಾಕಿದರೆ, ಕೊನೆಗೆ ಉಳಿಯುವುದೇ ನನ್ನ ನಿಜ ಸ್ವರೂಪವಲ್ಲವೇ?" ಎಂದು ಶಿಷ್ಯ ಕೇಳಿದ.

ಅಂದು ಬೆಳಿಗ್ಗೆ ಅವನ ತಾಯಿ ಅವನನ್ನು ನೋಡಲು ಮಠಕ್ಕೆ ಬಂದಿದ್ದಳು. ಪೂರ್ವಾಶ್ರಮ ಮುಗಿಯಿತು, ಬರಲಾರೆ ಎಂದು ಅವನು ಹೇಳಿಕಳಿಸಿದ್ದ. ಆಗಿನಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಗುರುಗಳು ಕತೆ ಹೇಳಿದರು.

ಹಂಗೇರಿ ಎಂಬ ದೇಶದಲ್ಲಿ ಒಬ್ಬ ವಾಸ್ತುಶಿಲ್ಪಿಯಿದ್ದ. ಹಳೆಯ ಕಾಲವೆಂದರೆ ಅವನಿಗೆ ಹುಚ್ಚು. ಬ್ಯಾಂಕು ಕಟ್ಟಿದರೆ ಅದು ಅರಮನೆಯಂತೆ ಕಾಣಬೇಕು, ರೈಲು ನಿಲ್ದಾಣ ಕಟ್ಟಿದರೆ ಕೋಟೆಯಂತೆ ಕಾಣಬೇಕು. ಜನ ಮೆಚ್ಚಿದರು, ಸರ್ಕಾರ ಬಿರುದು ಕೊಟ್ಟಿತು. ಅವನಿಗೆ ಮಾತ್ರ ಸಮಾಧಾನವಿರಲಿಲ್ಲ. ಕಟ್ಟಿದ್ದೆಲ್ಲ ನಕಲು, ಅಸಲನ್ನು ಒಮ್ಮೆಯಾದರೂ ಕೈಯಾರೆ ಮುಟ್ಟಬೇಕು ಎಂದು ಚಡಪಡಿಸುತ್ತಿದ್ದ.

ಕೊನೆಗೆ ಹುಟ್ಟೂರಿನ ಚರ್ಚಿನ ಜೀರ್ಣೋದ್ಧಾರ ಅವನ ಪಾಲಿಗೆ ಬಂತು. ಅದು ನೂರಾರು ವರ್ಷ ಹಳೆಯದು. ಪ್ರತಿ ತಲೆಮಾರೂ ಅದಕ್ಕೆ ಏನಾದರೊಂದನ್ನು ಸೇರಿಸಿತ್ತು. ಆಮೇಲೆ ಸೇರಿದ್ದನ್ನೆಲ್ಲ ತೆಗೆಯಿರಿ ಎಂದು ಅವನು ಕೆಲಸಗಾರರಿಗೆ ಹೇಳಿದ. ಗಾರೆ ಕಿತ್ತರು. ಅದರಡಿ ಹಳೆಯದೊಂದು ಕಿಟಕಿಯ ಗುರುತು ಸಿಕ್ಕಿತು. ಅದಕ್ಕೆ ಅಡ್ಡವಾಗಿದ್ದ ಬಾಗಿಲನ್ನೂ ಕಿತ್ತರು.

ಒಬ್ಬ ಮುದುಕಿ ಬಂದು, "ಅಪ್ಪಾ, ಮದುವೆಯ ದಿನ ನಾನು ಒಳಗೆ ಬಂದ ಬಾಗಿಲು ಎಲ್ಲಿ?" ಎಂದಳು.

"ಅದು ಅಸಲಲ್ಲ ತಾಯಿ, ಆಮೇಲೆ ಸೇರಿಸಿದ್ದು."

"ನಾನೂ ಆಮೇಲೆ ಬಂದವಳೇ," ಎಂದು ಅವಳು ಹೊರಟುಹೋದಳು.

ಆ ಮಾತು ಅವನನ್ನು ಚುಚ್ಚಿತು. ಆದರೂ ಕೈ ನಿಲ್ಲಲಿಲ್ಲ. ಒಂದು ಪದರ ತೆಗೆದರೆ ಕೆಳಗೆ ಇನ್ನೊಂದು. ಕಡೆಗೆ ಉಳಿದ ಗೋಡೆ ಚಾವಣಿ ಹೊರಲಾರದಾಯಿತು. ಅದನ್ನೂ ಕೆಡವಿ, ಮೊದಲು ಹೇಗಿದ್ದಿರಬಹುದೆಂದು ಊಹಿಸಿ, ಹೊಸ ಕಲ್ಲಿನಲ್ಲಿ ಕಟ್ಟಿದ. ದೂರದೂರದ ಪಂಡಿತರು ಬಂದು ಹಾಡಿ ಹೊಗಳಿದರು. ಅಲ್ಲಿ ಮಂಡಿಯೂರಿ ಬೇಡಬೇಕಾದವರು ಅವರಲ್ಲವಷ್ಟೇ.

ಅವರೆಲ್ಲ ಹೋದ ಮೇಲೆ ಅವನೊಬ್ಬನೇ ಒಳಗೆ ಹೋದ. ಚಿಕ್ಕಂದಿನಲ್ಲಿ ತಾಯಿಯ ಮಗ್ಗುಲಲ್ಲಿ ಕೂರುತ್ತಿದ್ದ ಮೂಲೆಯನ್ನು ಹುಡುಕಿದ. ಆ ಮೂಲೆ ಇರಲಿಲ್ಲ. ಕೆಡವಿಸಿದ್ದವನು ಅವನೇ. ನಿಂತಲ್ಲೇ ಅತ್ತುಬಿಟ್ಟ.

ಗುರುಗಳ ಕತೆ ಅಲ್ಲಿಗೆ ಮುಗಿಯಿತು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಹಾಗಾದರೆ ಅಸಲು ಗೋಡೆ ಅವನಿಗೆ ಸಿಗಲೇ ಇಲ್ಲವೇ?" ಎಂದು ಕೇಳಿದ.

"ನಿನ್ನ ತಾಯಿ ಇನ್ನೂ ಬಾಗಿಲಲ್ಲೇ ಕೂತಿದ್ದಾಳೆ," ಎಂದರು ಗುರುಗಳು.